ಗಂಗಾಮೂಲದಿಂದ ಕೇಡಗಾಂವಿಗೆ: ಪಂಡಿತಾ ರಮಾಬಾಯಿಯವರ ಸಾಕ್ಷ್ಯ

ಮುಂಬಯಿ, ಪುಣೆಗಳಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರ್ಗಿ ರಾಯಚೂರುಗಳ ಕಡೆಗೆ ಪ್ರಯಾಣಮಾಡುವ ಕನ್ನಡಿಗರು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ದಾಟಿಯೇ ಹೋಗುತ್ತಾರೆ. ಅಲ್ಲಿ ಇಳಿಯುವವರು ವಿರಳ. ಅದರ ಸಮೀಪದಲ್ಲಿರುವ ‘ಮುಕ್ತಿ’ ಎಂಬ ಸಂಸ್ಥೆಯ ಹೆಸರನ್ನು ಕೇಳಿದವರಲ್ಲಿಯೂ ಅದನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ಕನ್ನಡನಾಡಿನ ಘಟ್ಟದ ನೆತ್ತಿಯಲ್ಲಿ ಹುಟ್ಟಿದವರೆಂಬುದನ್ನು ಬಲ್ಲವರು ಇನ್ನೂ ವಿರಳ. ಮಹಾರಾಷ್ಟ್ರದ ಇತಿಹಾಸಕಾರರು ಅವರನ್ನು ಸ್ತ್ರೀಶಿಕ್ಷಣದ ಪ್ರವರ್ತಕಿಯೆಂದು ಕೊಂಡಾಡಿ, ಮತಾಂತರದ ಪ್ರಸಂಗ ಬಂದೊಡನೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಕ್ರೈಸ್ತ ಚರಿತ್ರಕಾರರು ಅವರ ಭಕ್ತಿಯನ್ನು ವರ್ಣಿಸುವ ಉತ್ಸಾಹದಲ್ಲಿ ಅವರೊಳಗಿನ ಪಂಡಿತೆಯನ್ನೂ ಹಟಮಾರಿಯನ್ನೂ ಮರೆಯುತ್ತಾರೆ. ಈ ಎರಡು ಚಿತ್ರಗಳನ್ನು ಕೂಡಿಸುವ ಒಂದು ವಸ್ತು ಅವರ ಬದುಕಿನಲ್ಲಿಯೇ ಇದೆ, ಅದು ಹಸಿವು. ತಾವು ನಂಬಿದ್ದನ್ನು ಇನ್ನೊಬ್ಬರಿಗೆ ಹಂಚುವ ಅಧಿಕಾರ ಅವರಿಗೆ ತರ್ಕದಿಂದ ಬರಲಿಲ್ಲ, ಪಾಂಡಿತ್ಯದಿಂದಲೂ ಬರಲಿಲ್ಲ. ತಾವು ಪಟ್ಟ ಪಾಡಿನಿಂದ ಬಂದಿತು. ಅವರ ಕೆಲಸದ ಬಲವೂ ಅಲ್ಲಿದೆ. ಅದರ ಬಗ್ಗೆ ಎದ್ದ ಆಕ್ಷೇಪಣೆಯ ಬೇರೂ ಅಲ್ಲಿಯೇ ಇದೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು. ಅವರ ಮನೆತನ ಘಟ್ಟದ ಬುಡದಲ್ಲಿರುವ, ಕಾರ್ಕಳದ ಮಾಳದಲ್ಲಿ ನೆಲಸಿತ್ತು. ವಿದ್ಯಾರ್ಥಿದೆಸೆಯಲ್ಲಿ ಪುಣೆಗೆ ಹೋಗಿದ್ದಾಗ ಅವರ ಗುರುಗಳು ಪೇಶವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳ ಬಾಯಲ್ಲಿ ದೇವಭಾಷೆಯನ್ನು ಕೇಳಿದ ಆ ತರುಣನಿಗೆ ತನ್ನ ಹೆಂಡತಿಗೂ ಅದನ್ನು ಕಲಿಸಬೇಕೆಂಬ ಹಂಬಲ ಹುಟ್ಟಿತು. ಮೊದಲ ಪತ್ನಿಯ ವಿಷಯದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ, ನಡುವಯಸ್ಸಿನಲ್ಲಿ, ತೀರ್ಥಯಾತ್ರೆಯ ಹಾದಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಮದುವೆಯಾಗಿ ಊರಿಗೆ ಕರೆತಂದರು. ಆ ವಿವಾಹವನ್ನು ಇಂದಿನ ಓದುಗರು ಮೆಚ್ಚುವಂತಿಲ್ಲ. ಆದರೆ ಆ ಹುಡುಗಿ, ಲಕ್ಷ್ಮೀಬಾಯಿ, ಗಂಡನಿಂದ ಸಂಸ್ಕೃತವನ್ನು ಪೂರ್ಣವಾಗಿ ಕಲಿತಳೆಂಬುದೂ ಅಷ್ಟೇ ನಿಜ. ನೆರೆಹೊರೆಯವರು ಗೊಣಗಿದರು. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ತಮ್ಮ ಪಕ್ಷವನ್ನು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ಆದರೂ ಊರಿನ ಸಹವಾಸ ಸಾಕೆನಿಸಿ ಘಟ್ಟವನ್ನೇರಿ, ತುಂಗಾ ಭದ್ರಾ ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ.

ಆ ಹೊತ್ತಿಗೆ ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿ ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಕನ್ನಡ ಅಚ್ಚುಮೊಳೆಗಳೂ ಪತ್ರಿಕೆಯೂ ಬಂದಾಗಿತ್ತು. ಆದರೆ ರಮಾಬಾಯಿಯವರ ಬದುಕಿಗೆ ಕ್ರೈಸ್ತಧರ್ಮ ಬಂದದ್ದು ಆ ಬಾಗಿಲಿನಿಂದಲ್ಲ. ಇದು ನೆನಪಿಡಬೇಕಾದ ಮಾತು. ಅವರ ಧರ್ಮಜೀವನ ಯಾವೊಂದು ಮಿಷನ್ನಿನ ಕೈಬರಹವೂ ಅಲ್ಲ.

ಅತಿಥಿಗಳ ಸತ್ಕಾರದಲ್ಲಿ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ದೇಶಾಂತರ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಅವರನ್ನು ಘಟ್ಟದಿಂದ ಇಳಿಸಿದರಂತೆ. ಆಮೇಲಿನ ಹದಿನೈದು ವರ್ಷ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚಾರ. ಪುಣ್ಯಸ್ಥಳಗಳಲ್ಲಿ ಕುಳಿತು ಪುರಾಣ ಓದುವುದು, ಕೇಳಿದವರು ಇಟ್ಟ ಕಾಣಿಕೆಯಲ್ಲಿ ಬದುಕುವುದು, ಉಳಿದದ್ದನ್ನು ದಾನಮಾಡುವುದು. ತಾಯಿ ಬೆಳಗಿನ ಜಾವಕ್ಕೇ ಎಬ್ಬಿಸಿ ಮಗಳಿಗೆ ಪಾಠ ಹೇಳುತ್ತಿದ್ದಳು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹುಡುಗಿಗೆ ಕಂಠಸ್ಥವಾದದ್ದು ಹೀಗೆ, ನಡೆಯುತ್ತ ನಡೆಯುತ್ತ.

ಆಮೇಲೆ ಬರ ಬಂದಿತು. ದಕ್ಷಿಣದಲ್ಲಿ ೧೮೭೪ರ ಸುಮಾರಿಗೆ ಕಾಣಿಸಿಕೊಂಡ ಅಭಾವ ೧೮೭೬–೭೮ರಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಮೈಸೂರು ಸೀಮೆಯ ಹಳಬರು ಧಾತು ಈಶ್ವರ ಸಂವತ್ಸರಗಳ ಬರವೆಂದು ಬಹುಕಾಲ ನೆನೆಯುತ್ತಿದ್ದುದು ಇದನ್ನೇ. ಪುರಾಣ ಕೇಳುವವರಿಗೇ ಅನ್ನವಿಲ್ಲದಾಗ ಹೇಳುವವರಿಗೆ ಎಲ್ಲಿಯದು? ಕೂಲಿ ಮಾಡಲು ಅಭ್ಯಾಸವಿಲ್ಲ, ಬೇಡಲು ಅಭಿಮಾನ ಬಿಡದು. ಪಾತ್ರೆಗಳು ಹೋದವು, ಒಡವೆಗಳು ಹೋದವು. ಕೊನೆಗೆ ಕಾಡಿನ ಎಲೆಗಳನ್ನು ತಿಂದು ದಿನಗಳೆದರು. ತಂದೆ ಜಲಸಮಾಧಿಯ ಸಂಕಲ್ಪ ಮಾಡಿದರು. ಮಗ ಶ್ರೀನಿವಾಸ ಕೂಲಿಗಾದರೂ ಹೋಗುತ್ತೇನೆಂದು ಅದನ್ನು ತಡೆದ. ಅಷ್ಟರಲ್ಲಿ ಕಾಲ ಮಿಂಚಿತ್ತು. ೧೮೭೪ರಲ್ಲಿ ತಂದೆ ತೀರಿಕೊಂಡರು, ಕೆಲವೇ ತಿಂಗಳುಗಳಲ್ಲಿ ತಾಯಿ, ಬಳಿಕ ಅಕ್ಕ. ತಾಯಿಯ ಚಟ್ಟಕ್ಕೆ ಹೆಗಲು ಕೊಡುವವರು ಸಿಕ್ಕಲಿಲ್ಲ. ಇಬ್ಬರು ಬ್ರಾಹ್ಮಣರು ಕರುಣೆಯಿಂದ ಬಂದರು, ಅಣ್ಣ ಮೂರನೆಯವನಾದ. ನಾಲ್ಕನೆಯ ಮೂಲೆಗೆ ಹದಿನಾರರ ರಮಾಬಾಯಿ. ಎತ್ತರ ಸಾಲದುದರಿಂದ ಆಕೆ ಅದನ್ನು ಹೆಗಲ ಮೇಲಲ್ಲ, ತಲೆಯ ಮೇಲೆ ಹೊರಬೇಕಾಯಿತು. ಸ್ಮಶಾನ ಮೂರು ಮೈಲಿ ದೂರವಿತ್ತು.

ಅಣ್ಣ ತಂಗಿಯರಿಬ್ಬರೇ ಉಳಿದರು. ಉತ್ತರಕ್ಕೆ ನಡೆದರು; ಕಾಶ್ಮೀರದ ಗಡಿಯವರೆಗೂ ಹೋದರು. ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ, ಹೊದೆಯಲು ಬಟ್ಟೆಯಿಲ್ಲದ ಒಂದು ಚಳಿಯಲ್ಲಿ, ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆಯಷ್ಟನ್ನು ಹೊರಗಿಟ್ಟು ಮೈಯನ್ನು ಮರಳಿನಿಂದ ಮುಚ್ಚಿಕೊಂಡು ರಾತ್ರಿ ಕಳೆದ ಸಂಗತಿಯನ್ನು ಅವರೇ ಬರೆದಿದ್ದಾರೆ. ಹೊಟ್ಟೆಗಿಲ್ಲದಾಗಲೂ ವ್ರತ, ಸ್ನಾನ, ಪ್ರದಕ್ಷಿಣೆಗಳನ್ನು ಅವರು ಬಿಟ್ಟಿರಲಿಲ್ಲ. ಶಾಸ್ತ್ರ ಹೇಳಿದ ಫಲ ಮಾತ್ರ ಬರಲಿಲ್ಲ. ಶ್ರದ್ಧೆ ಸಡಿಲವಾದದ್ದು ಯಾವ ಪಾದ್ರಿಯ ಖಂಡನೆಯಿಂದಲೂ ಅಲ್ಲ, ಹೀಗೆ ದಾರಿಯಲ್ಲಿ, ಇಂಚಿಂಚಾಗಿ.

೧೮೭೮ರಲ್ಲಿ ಕಲಕತ್ತೆಗೆ ಬಂದಾಗ ಭಾಗ್ಯದ ಬಾಗಿಲು ತೆರೆದಂತಾಯಿತು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಯಲ್ಲಿಟ್ಟು ಓದಲು ಹೇಳಿದರು. ಕ್ರೈಸ್ತರ ಕೂಟವೊಂದನ್ನು ಅವರು ಮೊದಲು ನೋಡಿದ್ದೂ ಅಲ್ಲಿಯೇ. ಸೇರಿದವರೆಲ್ಲ ಕುರ್ಚಿಗಳ ಮುಂದೆ ಮೊಣಕಾಲೂರಿದಾಗ, ಇವರು ಕುರ್ಚಿಯನ್ನೇ ಪೂಜಿಸುತ್ತಾರೆಂದು ಅಣ್ಣ ತಂಗಿಯರು ಭಾವಿಸಿದರಂತೆ. ಪರಧರ್ಮದ ಮೊದಲ ನೋಟ ಯಾವ ಕಡೆಯಿಂದ ಯಾವ ಕಡೆಗಾದರೂ ಬಹುಶಃ ಹೀಗೆಯೇ ಇರುತ್ತದೆ.

ಸುಖ ನಿಲ್ಲಲಿಲ್ಲ. ೧೮೮೦ರಲ್ಲಿ ಅಣ್ಣ ಸತ್ತ. ಅದೇ ವರ್ಷ ಅವರು ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಲಿ ವಕೀಲರನ್ನು ನೋಂದಣಿ ವಿವಾಹವಾದರು, ವರ ಬ್ರಾಹ್ಮಣನಲ್ಲ. ೧೮೮೧ರಲ್ಲಿ ಮಗಳು ಮನೋರಮಾ ಹುಟ್ಟಿದಳು. ೧೮೮೨ರ ಫೆಬ್ರುವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಮನೆಯ ಪುಸ್ತಕಗಳ ನಡುವೆ ಸಿಕ್ಕಿದ ಲೂಕನ ಸುವಾರ್ತೆಯ ಸಣ್ಣ ಬಂಗಾಲಿ ಪ್ರತಿಯನ್ನು ಅವರು ಆಸಕ್ತಿಯಿಂದ ಓದಿದ್ದರು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾಗಿ, ಹಸುಗೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯಮಹಿಳಾ ಸಮಾಜವನ್ನು ಸ್ಥಾಪಿಸಿದರು. ‘ಸ್ತ್ರೀಧರ್ಮನೀತಿ’ ಎಂಬ ಮರಾಠಿ ಪುಸ್ತಕವನ್ನು ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರೂ ವೈದ್ಯರೂ ಆಗಬೇಕೆಂದು ಹೇಳಿಕೆಯಿತ್ತರು. ತಾವೇ ವೈದ್ಯವಿದ್ಯೆ ಕಲಿಯುವ ಇಚ್ಛೆಯಿಂದ ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗತೊಡಗಿ ಆ ಆಸೆ ಅಲ್ಲಿಗೇ ನಿಂತಿತು. ಅವರ ಜೊತೆಗೆ ಹೋಗಿದ್ದ ಗೆಳತಿ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಳು.

೧೮೮೩ರ ಸೆಪ್ಟೆಂಬರ್ ೨೯ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿಯೂ ಮಗಳೂ ದೀಕ್ಷಾಸ್ನಾನ ಪಡೆದರು. ಕಾರಣವೇನು? ಕಾಶಿಯಲ್ಲಿ ಬೆಳೆದು ಕ್ರೈಸ್ತರಾಗಿದ್ದ ನೀಲಕಂಠಶಾಸ್ತ್ರಿ ಗೋರೆಯವರ ಪತ್ರಗಳು ಅವರ ಬುದ್ಧಿಯ ಸಂಶಯಗಳನ್ನು ಪರಿಹರಿಸಿದವು. ಮನಸ್ಸನ್ನು ತಿರುಗಿಸಿದ್ದು ಬೇರೊಂದು ದೃಶ್ಯ. ಲಂಡನ್ನಿನ ಫುಲ್ಹಮಿನಲ್ಲಿ ಸಂನ್ಯಾಸಿನಿಯರು ದಾರಿತಪ್ಪಿದ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಯಗೃಹವನ್ನು ಅವರು ನೋಡಿದರು. ಸಮಾಜ ಕಸವೆಂದು ಎಸೆದವರನ್ನು ಎತ್ತಿ ಪೋಷಿಸುವುದು ಧರ್ಮದ ಅಂಗವಾಗಬಲ್ಲುದೆಂಬುದು ಅವರಿಗೆ ಹೊಸತಾಗಿತ್ತು. ಏಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಸಂನ್ಯಾಸಿನಿಯೊಬ್ಬಳು ಯೋಹಾನನ ಸುವಾರ್ತೆಯಿಂದ ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿ ಹೇಳಿದಳು.

ದೀಕ್ಷೆಯಾದ ಮಾತ್ರಕ್ಕೆ ಅವರು ವಿಧೇಯ ಶಿಷ್ಯೆಯಾದರೆಂದು ತಿಳಿಯಬಾರದು. ತ್ರಯೈಕ್ಯವನ್ನು ಕುರಿತೂ ಬಿಷಪ್ಪರ ಅಧಿಕಾರವನ್ನು ಕುರಿತೂ ಅವರು ಎತ್ತಿದ ಪ್ರಶ್ನೆಗಳು ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡೀನರನ್ನು ಕಂಗೆಡಿಸಿದವು. ಧರಿಸಲು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಆ ಭಾಷೆಗಿರುವ ಪಾವಿತ್ರ್ಯ ಸಂಸ್ಕೃತಕ್ಕೆ ಇಲ್ಲವೇ ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಒಂದು ಪೌರೋಹಿತ್ಯದಿಂದ ಬಿಡಿಸಿಕೊಂಡು ಬಂದದ್ದು ಇನ್ನೊಂದಕ್ಕೆ ತಲೆಯೊಡ್ಡುವುದಕ್ಕಲ್ಲವೆಂಬುದು ಅವರ ಧೋರಣೆ. ಮುಂದೆ, ೧೯೦೭ರಲ್ಲಿ, ‘ನಮ್ಮ ಅಕ್ಷಯ ನಿಧಿಯ ಸಾಕ್ಷ್ಯ’ ಎಂಬರ್ಥದ ಇಂಗ್ಲಿಷ್ ಪುಸ್ತಿಕೆಯಲ್ಲಿ ಅವರು ತಮ್ಮ ಕಥೆಯನ್ನು ಹೇಳಿಕೊಳ್ಳುತ್ತ, ದೀಕ್ಷೆಯ ಹೊತ್ತಿಗೆ ತಮಗೆ ಕ್ರೈಸ್ತಮತ ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲವೆಂದೂ, ಆ ಅನುಭವಕ್ಕೆ ಮತ್ತೆ ಸುಮಾರು ಎಂಟು ವರ್ಷ ಹಿಡಿಯಿತೆಂದೂ ಬರೆದರು. ಸಾಕ್ಷಿ ಎಂಬ ಪದಕ್ಕೆ ನ್ಯಾಯಾಸ್ಥಾನದಲ್ಲಿ ಒಂದು ಅರ್ಥ, ಕನ್ನಡ ಕ್ರೈಸ್ತರ ಬಳಕೆಯಲ್ಲಿ ಇನ್ನೊಂದು ಅರ್ಥ. ರಮಾಬಾಯಿಯವರ ಪುಸ್ತಿಕೆಯಲ್ಲಿ ಎರಡೂ ಕೂಡಿವೆ: ಕಂಡದ್ದನ್ನು ಕಂಡಂತೆ, ತಮಗೆ ಪ್ರತಿಕೂಲವಾದುದನ್ನೂ ಬಿಡದೆ ಹೇಳುವುದು, ಹೇಳಿ, ಕೇಳುವವರನ್ನು ಅದೇ ಆಸರೆಗೆ ಕರೆಯುವುದು.

೧೮೮೬ರಲ್ಲಿ ಅವರು ಅಮೆರಿಕಕ್ಕೆ ಹೋದರು. ಮರುವರ್ಷ ಅಲ್ಲಿ ಪ್ರಕಟವಾದ, ಉಚ್ಚಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಅವರ ಗ್ರಂಥ ಹೆಸರು ತಂದಿತು. ಬಾಸ್ಟನ್ನಿನಲ್ಲಿ ಏರ್ಪಟ್ಟ ರಮಾಬಾಯಿ ಸಂಘ ಹತ್ತು ವರ್ಷಗಳ ನೆರವನ್ನು ಒಪ್ಪಿಕೊಂಡಿತು. ವಿಧವೆಯರ ಶಾಲೆಯಲ್ಲಿ ಮತಪ್ರಚಾರ ಕೂಡದೆಂಬುದು ಅದರ ಷರತ್ತು. ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು; ಮರುವರ್ಷ ಪುಣೆಗೆ ಹೋಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ರಾನಡೆ, ಭಾಂಡಾರಕರರಂಥವರು ಸಲಹಾಮಂಡಲಿಯಲ್ಲಿದ್ದರು.

ವಿವಾದ ಹುಟ್ಟಿದ್ದು ಒಂದು ಬಾಗಿಲಿನಿಂದ. ರಮಾಬಾಯಿಯವರು ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂಡತೊಡಗಿದರು. ಕರೆದವರಿಲ್ಲ, ತಡೆದವರೂ ಇಲ್ಲ. ‘ಕೇಸರಿ’ ಇದನ್ನು ಕಟುವಾಗಿ ಖಂಡಿಸಿತು. ೧೮೯೩ರಲ್ಲಿ ಸಲಹಾಮಂಡಲಿಯವರು ರಾಜೀನಾಮೆಯಿತ್ತರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಬಾಗಿಲು ಮುಚ್ಚಿಕೊಂಡು ಪೂಜಿಸಬೇಕೇ ಎಂಬುದು ರಮಾಬಾಯಿಯವರ ಪ್ರಶ್ನೆ. ಅದಕ್ಕೆ ಸುಲಭದ ಉತ್ತರವಿಲ್ಲ. ಆದರೆ ರಾನಡೆಯವರ ಪಕ್ಷವನ್ನು ಬರಿಯ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವ ಚರಿತ್ರಕಾರರು ನ್ಯಾಯವಂತರಲ್ಲ. ಮನೆಯವರೆಲ್ಲರ ತಾತ್ಸಾರಕ್ಕೆ ಗುರಿಯಾದ ಹನ್ನೆರಡು ವರ್ಷದ ವಿಧವೆಗೆ ಮೊದಲ ಬಾರಿಗೆ ತಲೆ ಸವರಿದವರು ಹೋದ ಕೋಣೆಗೆ ತಾನೂ ಹೋಗಬೇಕೆನಿಸುತ್ತದೆ. ಅದನ್ನು ಮತವಿಚಾರವೆನ್ನಲು ಬಾರದು. ಒತ್ತಾಯವಿರಲಿಲ್ಲವೆಂಬುದು ಸತ್ಯ, ಪ್ರೀತಿಯೂ ಒಂದು ಬಗೆಯ ಒತ್ತಾಯವಾಗಬಲ್ಲುದೆಂಬುದು ಅಷ್ಟೇ ಸತ್ಯ. ಸದನವನ್ನು ನಂಬಿದ್ದ ಸುಧಾರಕರಿಗೆ ಆದ ನೋವು ನಿಜವಾದುದು. ಪುಣೆಯ ಸ್ತ್ರೀಶಿಕ್ಷಣಕಾರ್ಯ ಅಂದಿನಿಂದ ಬೇರೆ ಬೇರೆ ದಾರಿಗಳನ್ನು ಹಿಡಿಯಿತು.

ಮೂರು ವರ್ಷಗಳ ಬಳಿಕ ಮಧ್ಯಪ್ರಾಂತ್ಯಗಳಲ್ಲಿ ೧೮೯೬–೯೭ರ ಕ್ಷಾಮ ತಲೆದೋರಿತು. ರಮಾಬಾಯಿಯವರ ಬಳಿ ಹಣವಿರಲಿಲ್ಲ; ಸದನದ ಹೊಣೆಯೇ ಭಾರವಾಗಿತ್ತು. ಆದರೆ ಪತ್ರಿಕೆಗಳ ವಾರ್ತೆ ಅವರಿಗೆ ವಾರ್ತೆಯಾಗಿರಲಿಲ್ಲ, ನೆನಪಾಗಿತ್ತು. ಅಲ್ಲಿಗೆ ಹೋಗಿ ಪರಿಹಾರ ಶಿಬಿರಗಳನ್ನು ನೋಡಿದರು. ಅನಾಥ ಹುಡುಗಿಯರನ್ನು ಕೆಟ್ಟ ದಂಧೆಗಾಗಿ ಕೂಡಿಹಾಕುತ್ತಿದ್ದವರು ಅಲ್ಲಿ ತಿರುಗಾಡುತ್ತಿದ್ದುದನ್ನು ಕಂಡರು. ಇಪ್ಪತ್ತು ವರ್ಷಗಳ ಹಿಂದೆ ಅಣ್ಣನೊಬ್ಬ ಜೊತೆಗಿಲ್ಲದಿದ್ದರೆ ತಮ್ಮ ಗತಿಯೂ ಅದೇ ಆಗುತ್ತಿತ್ತೆಂಬುದು ಅವರ ಕ್ಷಾಮಾನುಭವದ ಬರಹದ ಮರ್ಮ. ಆ ಬರಹದಲ್ಲಿ ಎರಡು ಬರಗಳು ಒಂದರೊಳಗೊಂದು ಬೆರೆಯುತ್ತವೆ. ಮುಂದಿರುವ ಹುಡುಗಿಯ ಮಾತು ಹೇಳುತ್ತಿದ್ದಂತೆ ಸತ್ತ ತಾಯಿಯ ಮಾತು ಬಂದುಬಿಡುತ್ತದೆ. ಕ್ರೈಸ್ತ ಸಾಹಿತ್ಯದಲ್ಲಿ ಉಪದೇಶ ವಿಪುಲವಾಗಿದೆ. ಇಂಥ ಬರಹ ವಿರಳ.

ನೂರಾರು ಹುಡುಗಿಯರನ್ನು ಅವರು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗಿನ ಹಾವಳಿ, ಸರಕಾರದ ಕಟ್ಟುನಿಟ್ಟು. ಅಷ್ಟು ಜನರನ್ನು ನಗರದಲ್ಲಿಡುವಂತಿರಲಿಲ್ಲ. ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೇಡಗಾಂವಿನ ಹೊಲವೇ ಆಸರೆಯಾಯಿತು. ಪ್ಲೇಗು ಆಸ್ಪತ್ರೆಗಳಲ್ಲಿ ಹೆಂಗಸರಿಗಾಗುತ್ತಿದ್ದ ದುರವಸ್ಥೆಯನ್ನು ಕುರಿತು ಅವರು ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದ ಕಾಗದದ ಪ್ರಸ್ತಾಪ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಕ್ರೈಸ್ತರಾದವರೆಲ್ಲ ಸರಕಾರದ ಪಕ್ಷದವರೆಂದು ತಿಳಿದವರಿಗೆ ಇದು ಉತ್ತರ. ೧೯೦೦ರ ಗುಜರಾತಿನ ಬರದಲ್ಲಿ ಮತ್ತೆ ನೂರಾರು ಮಂದಿ ಬಂದರು; ಮುಕ್ತಿಯ ಜನಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಶಾರದಾ ಸದನ ಉಚ್ಚಜಾತಿಯ ವಿಧವೆಯರಿಗಾಗಿ ಹುಟ್ಟಿತ್ತು. ಮುಕ್ತಿಗೆ ಬಂದವರಿಗೆ ಜಾತಿ ಕೇಳಿದವರಿಲ್ಲ.

ಇಲ್ಲಿ ಹಳೆಯ ಆಕ್ಷೇಪಣೆ ಇನ್ನೂ ತೀಕ್ಷ್ಣವಾಗಿ ಮರಳುತ್ತದೆ. ಬಾಸ್ಟನ್ನಿನ ಷರತ್ತು ಇಲ್ಲಿರಲಿಲ್ಲ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಹಸಿದು ಬಂದ ಮಗು ಅನ್ನವಿತ್ತವರ ದೇವರನ್ನು ಒಪ್ಪಿದರೆ ಅದು ಎಷ್ಟರಮಟ್ಟಿಗೆ ಆಯ್ಕೆ? ೧೯೦೫ರಲ್ಲಿ ಅಲ್ಲಿ ಎದ್ದ ಭಕ್ತಿಯ ಅಲೆಯಲ್ಲಿ ನೂರಾರು ಹೆಂಗಸರು ಅತ್ತರು, ಗಟ್ಟಿಯಾಗಿ ಪ್ರಾರ್ಥಿಸಿದರು. ನೋಡಿದವರಲ್ಲಿ ಕ್ರೈಸ್ತರೇ ಕೆಲವರು ಹುಬ್ಬೇರಿಸಿದರು. ಈ ಪ್ರಶ್ನೆಯನ್ನು ಮುಕ್ತಿಯ ಅಭಿಮಾನಿಗಳು ಸಾಮಾನ್ಯವಾಗಿ ಎದುರಿಸುವುದಿಲ್ಲ. ಎದುರಿಸಿದರೆ ಹೇಳಬಹುದಾದದ್ದು ಇಷ್ಟು: ಅನ್ನದ ಜೊತೆಗೆ ಶ್ರದ್ಧೆಯನ್ನು ಕೊಟ್ಟ ಕೈ, ತಾನೂ ಅನ್ನವಿಲ್ಲದೆ ಎಲೆ ತಿಂದ ಕೈ. ಮೇಲಿನಿಂದ ಕೆಳಗೆ ಇಟ್ಟ ಭಿಕ್ಷೆ ಅದಾಗಿರಲಿಲ್ಲ. ಜೊತೆಗೆ, ಬಂದವರನ್ನು ಕೈಚಾಚುವವರನ್ನಾಗಿ ಅವರು ಉಳಿಸಲಿಲ್ಲ. ನೇಯ್ಗೆ, ಹೈನು, ಬೇಸಾಯ, ಎಣ್ಣೆಯ ಗಾಣ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡಿಯರಿಗೆ ಬ್ರೈಲ್ ಓದು ಕಲಿಸಲಾಯಿತು. ಫುಲ್ಹಮಿನ ಗೃಹದಂಥದೇ ಒಂದು ‘ಕೃಪಾ ಸದನ’ ಎಂಬ ಹೆಸರಿನಿಂದ ಎದ್ದಿತು. ಇದರಿಂದ ಆಕ್ಷೇಪಣೆ ಪೂರ್ಣವಾಗಿ ನಿವಾರಣೆಯಾಯಿತೆನ್ನಲಾಗದು; ಅದರ ತೂಕ ಬದಲಾಗುತ್ತದೆ.

ಕನ್ನಡ ನಾಡಿನ ಕಡೆಗೆ ಈ ಕೆಲಸ ಒಮ್ಮೆ ಮಾತ್ರ ತಿರುಗಿತು. ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರ್ಗಿಯಲ್ಲಿ ೧೯೧೨ರ ಸುಮಾರಿಗೆ ರಮಾಬಾಯಿಯವರು ಒಂದು ಶಾಲೆಯನ್ನು ತೆರೆದರು; ಮನೋರಮಾ ಅದರ ಮುಖ್ಯಸ್ಥೆಯಾದರು. ಅದೇ ರೈಲುಹಾದಿಯ ಈ ಕೊಂಡಿ ಕನ್ನಡದ ಶಿಕ್ಷಣ ಚರಿತ್ರೆಗಳಲ್ಲಿ ಇನ್ನೂ ತಕ್ಕ ಸ್ಥಾನ ಪಡೆದಿಲ್ಲ.

ರಮಾಬಾಯಿಯವರ ಕೊನೆಯ ವರ್ಷಗಳು ಬೈಬಲಿನ ಅನುವಾದದಲ್ಲಿ ಕಳೆದವು. ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಹೆಂಗಸಿಗೆ ನಿಲುಕದೆಂಬುದು ಅವರ ದೂರು. ಭಾಗವತವನ್ನು ಕಂಠಪಾಠ ಮಾಡಿದ್ದ ವಿದುಷಿ ಬಿಡುವಿಲ್ಲದ ಕೆಲಸದ ನಡುವೆ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಸಂಸ್ಕೃತದ ಭಾರವನ್ನು ಬೇಕೆಂದೇ ಇಳಿಸಿ, ಸರಳ ಮರಾಠಿಯಲ್ಲಿ ಇಡೀ ಗ್ರಂಥವನ್ನು ಒಬ್ಬರೇ ಅನುವಾದಿಸಿದರು. ಆ ವೇಳೆಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ೧೯೧೯ರಲ್ಲಿ ಕೈಸರ್-ಇ-ಹಿಂದ್ ಪದಕ ಬಂದಿತು. ೧೯೨೧ರ ಜುಲೈಯಲ್ಲಿ, ಸಂಸ್ಥೆಯ ಭಾರವನ್ನು ಹೊರಬೇಕಾಗಿದ್ದ ಮನೋರಮಾ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಇವರೆಲ್ಲರ ಬಳಿಕ ಉಳಿದಿದ್ದವರು ಅವರೊಬ್ಬರೇ. ರಮಾಬಾಯಿಯವರು ಅನುವಾದದ ಕೆಲಸವನ್ನು ನಿಲ್ಲಿಸಲಿಲ್ಲ. ೧೯೨೨ರ ಏಪ್ರಿಲ್ ೫ರಂದು ಅವರು ಕೊನೆಯುಸಿರೆಳೆದರು. ಅವರ ಮರಾಠಿ ಬೈಬಲು ೧೯೨೪ರಲ್ಲಿ ಹೊರಬಂದಿತು. ಮೊಳೆ ಜೋಡಿಸಿ ಅಚ್ಚುಮಾಡಿದವರು ಮುಕ್ತಿಯ ಹೆಂಗಸರು.